ಪುಟ್ಟಲಕ್ಷ್ಮಿ ಮೇಡಂ ಅವರ ಪುಣ್ಯದ ಕೆಲಸ

ಬೌದ್ಧಿಕ ವಿಕಲತೆ ಇರುವ ವಯಸ್ಕರಿಗೆಂದು ಬಸವೇಶ್ವರನಗರದಲ್ಲಿ ಸರ್ಕಾರ ನಡೆಸುವ ಕೇಂದ್ರಕ್ಕೆ ಪುಟ್ಟಲಕ್ಷ್ಮಿ ಮುಖ್ಯಸ್ಥೆಯಾದಾಗ ಸಹೋದ್ಯೋಗಿಗಳೆಲ್ಲ ಹೇಳಿದ್ದು ಒಂದೇ ಮಾತು: "ಪುಣ್ಯದ ಕೆಲಸ ಮೇಡಂ." ಸರ್ಕಾರಿ ಭಾಷೆಯಲ್ಲಿ ಪುಣ್ಯದ ಕೆಲಸವೆಂದರೆ ಜೀಪಿಲ್ಲ, ಸಿಬ್ಬಂದಿಯಿಲ್ಲ, ಕೇಳುವವರೂ ಇಲ್ಲ ಎಂದರ್ಥ.

ಮೇಲಧಿಕಾರಿ ಪುರುಷೋತ್ತಮ ಅವರಿಗೆ ಅಲ್ಲಿಗೆ ಬರುವವರೆಲ್ಲ 'ದೇವರ ಮಕ್ಕಳು'. ಗಡ್ಡ ನೆರೆಯತೊಡಗಿದವರೂ ಮಕ್ಕಳೇ. ದೇವರ ಮಕ್ಕಳಾದ ಮೇಲೆ ಹೊಣೆ ದೇವರದ್ದು; ಇಲಾಖೆಯದ್ದು ವರ್ಷಕ್ಕೊಮ್ಮೆ ಬಾಳೆಹಣ್ಣು, ಜೊತೆಗೊಬ್ಬ ಫೋಟೋಗ್ರಾಫರ್. ಉಳಿದ ದಿನ ಅವರೆಲ್ಲ ಕಾಗದದ ಕವರ್ ಅಂಟಿಸುತ್ತ ಕೂರಬೇಕು. ಅದಕ್ಕೆ ಕೌಶಲ ತರಬೇತಿ ಎಂದು ಹೆಸರು.

ಒಂದು ದಿನ ಪುಟ್ಟಲಕ್ಷ್ಮಿ ಇಲಾಖೆಯ ಸಂಪ್ರದಾಯವನ್ನೆಲ್ಲ ಮುರಿದು, ಕವರ್ ಅಂಟಿಸುತ್ತಿದ್ದ ಮೋಹನ್ ಕುಮಾರ್ ಅವರನ್ನೇ ಕೇಳಿಬಿಟ್ಟರು. "ನಿಮಗೆ ಏನು ಕಲೀಬೇಕು ಅನ್ಸುತ್ತೆ?"

"ಕವರ್ ಅಂಟ್ಸಿದ್ದು ಸಾಕು ಮೇಡಂ. ಬಸ್ಸಲ್ಲಿ ಒಬ್ನೇ ಬರ್ಬೇಕು."

ಅನ್ನಪೂರ್ಣೇಶ್ವರಿ ನಗರದಿಂದ ಅವರನ್ನು ದಿನಾ ಕೈಹಿಡಿದು ಕರೆತರುತ್ತಿದ್ದವರು ವಯಸ್ಸಾದ ತಾಯಿ ಪಾಪಮ್ಮ. "ನಾನಿರೋವರ್ಗೂ ಕರ್ಕೊಂಡ್ ಬರ್ತೀನಿ, ಬಿಡಿ ಮೇಡಂ," ಎಂದರು.

"ಆಮೇಲೆ, ಪಾಪಮ್ಮನೋರೇ?"

ಪಾಪಮ್ಮ ಹಿಡಿದಿದ್ದ ಮಗನ ಕೈ ಬಿಟ್ಟರು. "ಕಲಿಸಿ," ಎಂದರು.

ಕಲಿಸಲು ಸಿಬ್ಬಂದಿಯಿಲ್ಲದ್ದರಿಂದ ಮುಖ್ಯಸ್ಥೆಯೇ ಬಸ್ ಹತ್ತಿದರು. ಮೊದಲು ಪಕ್ಕದ ಸೀಟಿನಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಸ್ಕೂಟರಿನಲ್ಲಿ ಬಸ್ಸಿನ ಹಿಂದೆ ಹೊಗೆ ಕುಡಿಯುತ್ತ.

ಸ್ಕೂಟರಿನ ಕಾವಲೂ ಇಲ್ಲದೆ ಮೋಹನ್ ಕುಮಾರ್ ಒಬ್ಬರೇ ಹೊರಟ ಮೊದಲ ದಿನವೇ ಪುರುಷೋತ್ತಮ ತಪಾಸಣೆಗೆ ಬಂದರು, ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಗಿ. ಮೋಹನ್ ಕುಮಾರ್ ಇನ್ನೂ ಬಂದಿರಲಿಲ್ಲ; ಬಸ್ಸಿನಲ್ಲಿ ಒಬ್ಬರೇ ಬರುತ್ತಿದ್ದಾರೆಂದು ಕೇಳಿ ಸಾಹೇಬರು ಗುಡುಗಿದರು.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ್ರೀ ಜವಾಬ್ದಾರಿ?"

"ನಾನೇ ಸಾರ್."

ಇಲಾಖೆಯಲ್ಲಿ ಇಂಥ ಉತ್ತರ ಕೇಳಿ ಅಭ್ಯಾಸವಿಲ್ಲದ ಸಾಹೇಬರು ನೀರು ತರಿಸಿ ಕುಡಿದರು. ಪುಟ್ಟಲಕ್ಷ್ಮಿಯವರ ದನಿ ಗಟ್ಟಿಯಾಗಿತ್ತು. ಆದರೂ ಹುಡುಕಲೆಂದು ಸ್ಕೂಟರ್ ಕೀ ಹಿಡಿದು ಬಾಗಿಲಿಗೆ ಬಂದರೆ, ಮೋಹನ್ ಕುಮಾರ್ ಗೇಟು ದಾಟಿ ಒಳಗೆ ಬರುತ್ತಿದ್ದರು.

"ಬಸ್ ಕೆಟ್ಟೋಯ್ತು ಮೇಡಂ. ಎಲ್ರೂ ಇಳಿದ್ರು, ನಾನೂ ಇಳಿದೆ. ಇನ್ನೊಂದು ಬಂತು, ಹತ್ತಿದೆ." ಆಮೇಲೆ ಸಾಹೇಬರ ಕಡೆ ತಿರುಗಿ, "ನೀವೂ ಈಗ ಬಂದ್ರಾ ಸಾರ್? ನಿಮ್ ಬಸ್ಸೂ ಕೆಟ್ಟೋಯ್ತಾ?" ಎಂದರು.

"ಇದೆಲ್ಲ ನಿಲ್ಸಿ," ಎಂದು ಸಾಹೇಬರು ಕಾರಿನತ್ತ ಹೊರಟರು.

"ಬರವಣಿಗೇಲಿ ಕೊಡಿ ಸಾರ್," ಎಂದರು ಪುಟ್ಟಲಕ್ಷ್ಮಿ.

ವಯಸ್ಕ ನಾಗರಿಕರೊಬ್ಬರು ಬಸ್ ಹತ್ತಕೂಡದು ಎಂದು ಬರೆದು ಸಹಿ ಹಾಕುವಷ್ಟು ಧೈರ್ಯ ಇಲಾಖೆಯಲ್ಲಿ ಯಾರಿಗೂ ಇರಲಿಲ್ಲ. ತರಬೇತಿ ಮುಂದುವರಿಯಿತು. ಕವರ್ ಅಂಟಿಸುತ್ತಿದ್ದ ಕವನಾ ಸೇರಿದರು, ಭೈರೇಶ್ ಸೇರಿದರು.

ಮರುವರ್ಷ ದೊಡ್ಡ ಸಭೆಯೊಂದರಲ್ಲಿ ಪುರುಷೋತ್ತಮ ಇದನ್ನೇ ತಮ್ಮ ಬಹುಕಾಲದ ಕನಸು ಎಂದು ಬಣ್ಣಿಸಿದರು. ಪುಟ್ಟಲಕ್ಷ್ಮಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಸದ್ದು ಅಡಗುತ್ತಲೇ ಎದ್ದು ನಿಂತು, "ಸಾರ್ ಕನಸಿಗೆ ಇಬ್ರು ಸಿಬ್ಬಂದಿ ಬೇಕು," ಎಂದರು. ತುಂಬಿದ ಸಭೆಯಲ್ಲಿ ಇಲ್ಲವೆನ್ನಲಾಗದೆ ಸಾಹೇಬರು ಒಬ್ಬರನ್ನು ಕೊಟ್ಟರು. ಅಪೂರ್ವ ಎಂಬಾಕೆ ಸೋಮವಾರವೇ ಕೆಲಸಕ್ಕೆ ಬಂದರು. ಅವರಿಗೆ ಕುರ್ಚಿ ತೋರಿಸುವ ಮೊದಲೇ ಪುಟ್ಟಲಕ್ಷ್ಮಿ ಅವರನ್ನು ಭೈರೇಶ್ ಜೊತೆ ಕೆಂಗೇರಿ ಬಸ್ ಹತ್ತಿಸಿದರು.