ಎರಡೇ ಬಾಗಿಲಿನ ಕಾರು

ರಸ್ತೆಯಲ್ಲಿ ನಿಂತು ಕಾರು ನೋಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎದ್ದ ತಕ್ಷಣ ಹಾಸಿಗೆ ಮಡಚುವ, ಚಪ್ಪಲಿ ಜೋಡಿಸಿಟ್ಟೇ ಒಳಗೆ ಬರುವ ಮನುಷ್ಯ ನಾನು. ಬೀದಿಯಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುವುದು ನನ್ನ ದಿನಚರಿಯಲ್ಲಿಲ್ಲ. ಆದರೂ ಹೋದ ವಾರ ನಮ್ಮೂರಿನ ದುರ್ಗಿಗುಡಿ ಪೇಟೆಯಲ್ಲಿ ನಿಂತೆ.

ಔಷಧಿ ಅಂಗಡಿಯ ಮುಂದೆ ಜಪಾನಿನ ಹಳೆಯ ಕಾರೊಂದಿತ್ತು. ಒಂದು ಕಾಲದ ಐಷಾರಾಮಿ ಗಾಡಿ. ಎರಡೇ ಬಾಗಿಲು, ಉದ್ದ ಮೂಗು, ಹಿಂದಕ್ಕೆ ಇಳಿಜಾರಾದ ಬೆನ್ನು. ಬಣ್ಣ ಅಲ್ಲಲ್ಲಿ ಮಾಸಿತ್ತು. ದೀಪದ ಗಾಜು ಕಣ್ಣಿಗೆ ಪೊರೆ ಬಂದಂತೆ ಮಂಜಾಗಿತ್ತು. ವಯಸ್ಸಾಗಿದ್ದರೂ ನನಗಿಂತ ಠೀವಿಯಿಂದ ನಿಂತಿತ್ತು. ಕೈ ತಾನಾಗಿ ಅದರ ನೆತ್ತಿಯ ಮೇಲೆ ಹೋಯಿತು. ನಮ್ಮಲ್ಲಿ ಕೈ ಹಿಡಿದರೆ ಪಾಣಿಗ್ರಹಣ, ಅಂದರೆ ಮದುವೆಯೇ ಆದಂತೆ. ಈ ಶಾಸ್ತ್ರ ಕಾರಿಗೂ ಅನ್ವಯಿಸುತ್ತದೆಂದು ನನಗೆ ತಿಳಿದಿರಲಿಲ್ಲ.

ಆಗಲೇ ಪಕ್ಕದಲ್ಲಿ ಬೈಕು ನಿಲ್ಲಿಸಿದವರು ಮಂಜಪ್ಪ, ಭದ್ರಾವತಿಯಲ್ಲಿ ನನ್ನ ಅಕ್ಕನ ಪಕ್ಕದ ಮನೆಯವರು.

“ಹೊಸದಾ ಸಾರ್?” ಎಂದರು.

“ಅಲ್ಲ, ಹಳೇದು,” ಎಂದೆ.

ಪ್ರಶ್ನೆಗೆ ತಕ್ಕ ಉತ್ತರ; ಒಂದಕ್ಷರ ಸುಳ್ಳಿಲ್ಲ. ಅವರು ಒಳ್ಳೆಯದಾಯಿತೆಂದು ಕೈ ಕುಲುಕಿದಾಗ, ಕಾರು ನನ್ನದೆಂದು ತಿಳಿದಿದ್ದಾರೆಂಬುದು ಹೊಳೆಯಿತು. ತಿದ್ದಬೇಕಿತ್ತು. ಮದುವೆಯ ಕರೆಯೋಲೆಗಳಲ್ಲಿ ಕೂಡ ಅಚ್ಚಿನ ತಪ್ಪು ಹುಡುಕಿ ತಿದ್ದುವ ನಾನು ಆ ಹೊತ್ತು ಸುಮ್ಮನಿದ್ದೆ. ಅಷ್ಟೇ ಅಲ್ಲ, ಬೈಕು ಮರೆಯಾಗುವವರೆಗೂ ಕಾರಿನ ಮೇಲಿನ ಕೈ ತೆಗೆಯಲಿಲ್ಲ.

ಸಂಜೆ ಅಕ್ಕನ ಫೋನು ಬಂತು. ಕಾಫಿ ಆಯಿತಾ ಎಂಬುದೂ, ಅವಳ ಮಂಡಿನೋವಿನ ವಿಚಾರವೂ ಮುಗಿದ ಮೇಲೆ ದನಿ ಸಣ್ಣದಾಯಿತು. ಒಡಹುಟ್ಟಿದ ತಮ್ಮ ಕಾರು ತೆಗೆದುಕೊಂಡದ್ದನ್ನು ಪಕ್ಕದ ಮನೆಯವರ ಬಾಯಿಂದ ಕೇಳಬೇಕಾಯಿತಂತೆ. ಅದಾದರೂ ಹೋಗಲಿ ಎಂದಳು.

“ಎರಡೇ ಬಾಗಿಲಂತಲ್ಲೋ. ನೀನು, ನಿನ್ನ ಹೆಂಡ್ತಿ ಆಯ್ತು. ನಾನೆಲ್ಲಿ ಕೂತ್ಕೊಳ್ಳಲಿ?”

ಬೆಳಿಗ್ಗೆ ಬರುತ್ತೇನೆ ಎಂದಷ್ಟೇ ಹೇಳಿ ಫೋನು ಇಟ್ಟೆ.

ಮರುದಿನ ಮೊದಲು ಸಿಕ್ಕ ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅಕ್ಕ ನಗುತ್ತಾಳೆಂದುಕೊಂಡಿದ್ದೆ, ಅವಳ ಮುಖ ಇನ್ನೂ ಸಣ್ಣದಾಯಿತು. ಮನಸ್ಸಿಗೆ ಅಷ್ಟು ನೋವಾಗಿದ್ದರೂ, ತಮ್ಮ ಕಾರು ಕೊಂಡನೆಂದು ಅವಳು ಮನೆಮನೆಗೂ ಹೇಳಿ ಬಂದಿದ್ದಳು.

“ಈಗ ಈ ಬೀದಿಗೆ ಏನಂತ ಮುಖ ತೋರಿಸ್ಲಿ ಮಾರಾಯ?”

ತಪ್ಪು ನನ್ನದು, ಎಲ್ಲರ ಮನೆಗೂ ಹೋಗಿ ನಾನೇ ಹೇಳಿ ಬರುತ್ತೇನೆಂದು ಎದ್ದೆ.

“ನೀನು ಸುಮ್ನೆ ಕೂತ್ಕೋ. ನಿನ್ನೆ ಬಾಯಿ ಬಿಡ್ಬೇಕಾದಾಗ ಬಿಡ್ಲಿಲ್ಲ,” ಎಂದು ಅಕ್ಕ ನನ್ನ ಕೈಗೆ ಕಾಫಿ ಕೊಟ್ಟು ಕಾಂಪೌಂಡಿನ ಕಡೆ ಹೋದಳು. ಅಲ್ಲಿ ಗೋಡೆಯಾಚೆಯವರೊಡನೆ ಪಿಸುಪಿಸು ಮಾತು ನಡೆಯಿತು. ವಾಪಸು ಬಂದು, ನನ್ನ ಮುಖ ನೋಡದೆ ಹುರುಳಿಕಾಯಿ ಹೆಚ್ಚತೊಡಗಿದಳು.

ಸ್ವಲ್ಪ ಹೊತ್ತಿಗೆ ಮಂಜಪ್ಪನವರ ಹೆಂಡತಿಯೇ ಬಾಗಿಲಿಗೆ ಬಂದರು.

“ಅಕ್ಕನಿಗೆ ಕೂರೋಕೆ ಜಾಗ ಇಲ್ಲ ಅಂತ ಕಾರೇ ವಾಪಸ್ ಕೊಟ್ಬಿಟ್ರಂತೆ. ಇಂಥ ತಮ್ಮ ಯಾರಿಗಿರ್ತಾರೆ ಹೇಳಿ.”

ಅಕ್ಕನ ಕತ್ತಿ ಒಂದು ಕ್ಷಣ ನಿಂತಿತು. ನಾನು ಈ ಸಲವೂ ತಿದ್ದಲಿಲ್ಲ. ನಿನ್ನೆ ಉಳಿಸಿಕೊಂಡದ್ದು ನನ್ನ ಜಂಬ. ಇವತ್ತು ಉಳಿಸಬೇಕಾದದ್ದು ಅವಳ ಮಾನ. ಆದರೆ ಕೊಳ್ಳದ ಕಾರನ್ನು ವಾಪಸು ಕೊಟ್ಟು ಗಳಿಸಿದ ಒಳ್ಳೆಯ ಹೆಸರನ್ನು ಯಾರಿಗೆ ವಾಪಸು ಕೊಡುವುದು? ನಾಚಿಕೆಯಿಂದ ತಲೆ ತಗ್ಗಿಸಿದೆ.

ಆಕೆ ಅದನ್ನು ವಿನಯವೆಂದುಕೊಂಡರು.