ಹಿಂಬದಿಯ ಗೇಟು ಮತ್ತು ಹಾಂಕಾಂಗ್ ಧಾರಾವಾಹಿ

"ಆ ಹುಡುಗಿ ಹುಟ್ಟಿದಾಗಿಂದ ಸೌಟು ಹಿಡಿದವಳಲ್ಲ" ಎಂದು ಇಂದಿರಮ್ಮ ಟಿವಿಯತ್ತ ಕೈ ತೋರಿಸಿದರು. ಪಕ್ಕದಲ್ಲಿ ಕುಳಿತಿದ್ದ ಪೋಪೋಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಇಂದಿರಮ್ಮ ಗಾಳಿಯಲ್ಲಿ ಸೌಟು ತಿರುವಿದ್ದನ್ನು ನೋಡಿ ಅವರಿಗೆ ವಿಷಯ ತಿಳಿಯಿತು. "ನೀತ್ ಖೂತ್" ಎಂದು ತಲೆಯಾಡಿಸಿದರು. ಚೆನ್ನಾಗಿಲ್ಲ ಎನ್ನುವುದಕ್ಕೆ ಡಚ್ ಮಾತು ಅದು. ಅಂಥ ನಾಲ್ಕೈದು ಡಚ್ ಪದಗಳೇ ಅವರಿಬ್ಬರ ನಡುವಿನ ಭಾಷೆ.

ಪೋಪೋ ಎಂದರೆ ಹಾಂಕಾಂಗಿನವರ ಮಾತಿನಲ್ಲಿ ಅಮ್ಮನ ಅಮ್ಮ. ಪಕ್ಕದ ಮನೆಯ ಆ ಮುದುಕಿಯ ನಿಜವಾದ ಹೆಸರು ಇಂದಿರಮ್ಮನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ರಾಟರ್‌ಡ್ಯಾಮಿನ ಚೈನೀಸ್ ಹೋಟೆಲೊಂದರ ಅಡುಗೆಮನೆಯಲ್ಲಿ ಸಿಗಡಿ ಸುಲಿದು, ಪಾತ್ರೆ ತೊಳೆದು, ಈಗ ಪಕ್ಕದ ಊರಾದ ಕಾಪೆಲ್ಲೆಯಲ್ಲಿ ಮಗಳ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗನನ್ನು ನೋಡಿಕೊಂಡಿದ್ದವರು. ಇಂದಿರಮ್ಮ ತುಮಕೂರಿನ ಸರ್ಕಾರಿ ಬಾಲಕಿಯರ ಹಾಸ್ಟೆಲಿನಲ್ಲಿ ಇಪ್ಪತ್ತೇಳು ವರ್ಷ ಅಡುಗೆ ಮಾಡಿ ನಿವೃತ್ತರಾದವರು. ಹಾಗಾಗಿ ಇಬ್ಬರೂ ನಟಿಯರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ನಾಯಕಿ ಮೇಜು ಒರೆಸಿದರೆ ಬಟ್ಟೆಯನ್ನು ಎಷ್ಟು ಮಡಿಸಿದಳು, ಕುದಿಯುವ ಮಡಕೆಯ ಮುಚ್ಚಳ ತೆಗೆಯುವಾಗ ಮುಖ ಹಿಂದಕ್ಕೆ ಎಳೆದುಕೊಂಡಳೋ ಇಲ್ಲವೋ. ಅಳುವುದು ಯಾರಿಗಾದರೂ ಬರುತ್ತದೆ ಎನ್ನುವುದು ಇಂದಿರಮ್ಮನ ಅಭಿಪ್ರಾಯ.

ಆ ಧಾರಾವಾಹಿಯಲ್ಲಿ ಗಿಡಮೂಲಿಕೆ ಅಂಗಡಿಯ ಒಂದು ದೊಡ್ಡ ಕುಟುಂಬವಿತ್ತು. ಎಲ್ಲರೂ ಮೆಚ್ಚಬೇಕಾದ ಜೋಡಿ ಲಾಯರ್ ಹುಡುಗಿ ಮತ್ತು ಗುಂಗುರು ಕೂದಲಿನವನು. ಪೋಪೋಗೂ ಅವರೇ ಇಷ್ಟ. ಇಂದಿರಮ್ಮ ಒಪ್ಪುತ್ತಿರಲಿಲ್ಲ. ಅವರ ಜೋಡಿ ಬೇರೆ: ವಿಧವೆ ಹಿರಿಸೊಸೆ ಮತ್ತು ಅಂಗಡಿಯ ಅಡುಗೆಯವನು.

"ಅವಳು ಸೂಪಿನ ಬಟ್ಟಲು ಕೊಟ್ರೆ ಅವನು ಅಂಚು ಹಿಡಿದು ತಗೋತಾನೆ" ಎಂದು ಒಂದು ಸಂಜೆ ಊಟಕ್ಕೆ ಕುಳಿತಾಗ ಸೊಸೆ ಗಾನವಿಗೆ ವಿವರಿಸಿದ್ದರು. "ಬಿಸಿ ಇದೆ ಅಂತ ಗೊತ್ತವನಿಗೆ. ಆ ಗುಂಗುರು ಕೂದಲವನು ಬಟ್ಟಲಿನ ಹೊಟ್ಟೆಗೇ ಕೈ ಹಾಕ್ತಾನೆ. ಶೂಟಿಂಗಿನವರು ತಣ್ಣೀರು ತುಂಬಿಸಿ ಕೊಟ್ಟಿದ್ದಾರೆ, ಅಷ್ಟನ್ನೂ ಅವನು ಮರೆಮಾಚಲ್ಲ."

"ಅದನ್ನ ಕೆಮಿಸ್ಟ್ರಿ ಅಂತಾರೆ ಅತ್ತೆ" ಎಂದು ಗಾನವಿ ನಕ್ಕಳು.

"ಏನೋ ಒಂದು."

"ಭಾಷೆನೇ ಬರಲ್ಲ, ಅದೇನ್ ನೋಡ್ತೀಯಮ್ಮ" ಎಂದ ಮಗ ಅನಿರುದ್ಧ.

"ಭಾಷೆ ಬಂದ್ರೆ ಮಾತಿಗೆ ಮೋಸ ಹೋಗ್ತೀವಿ ಕಣೋ."

ವಿಸಿಟಿಂಗ್ ವೀಸಾದಲ್ಲಿ ಒಂದು ಸಲಕ್ಕೆ ತೊಂಬತ್ತು ದಿನ ಮಾತ್ರ ಇರಬಹುದು. ಮೊಮ್ಮಗಳು ನಿಸರ್ಗ ಹುಟ್ಟಿದಾಗಿನಿಂದ ಅಮ್ಮನ ಕಡೆಯ ಅಜ್ಜಿ ಮೂರು ತಿಂಗಳು, ಅಪ್ಪನ ಕಡೆಯ ಅಜ್ಜಿ ಮೂರು ತಿಂಗಳು ಎಂದು ಪಾಳಿ ನಡೆದಿತ್ತು. ಬೀಗಿತ್ತಿ ಪದ್ಮಿನಿ ಮೈಸೂರಿನಿಂದ ಬಂದರೆ ಇಂದಿರಮ್ಮ ತುಮಕೂರಿಗೆ. ನಿಸರ್ಗಳಿಗೆ ಈಗ ಎರಡೂ ಮುಕ್ಕಾಲು ವರ್ಷ. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಮಗು, ಮೂರು ಹೊತ್ತಿನ ಅಡುಗೆ, ಬಟ್ಟೆ ಮಡಿಸುವುದು, ಡಿಶ್‌ವಾಷರಿಗೆ ಹಾಕುವ ಮುನ್ನ ಪಾತ್ರೆ ತಿಕ್ಕುವುದು. ಇದಕ್ಕೆ ಕೆಲಸ ಎಂಬ ಹೆಸರಿರಲಿಲ್ಲ. ಮೊಮ್ಮಗಳ ಜೊತೆ ಇರುವ ಭಾಗ್ಯ ಎನ್ನುತ್ತಿದ್ದರು. ಹಾಸ್ಟೆಲಿನಲ್ಲಿ ಭಾನುವಾರ ಮಧ್ಯಾಹ್ನ ರಜೆ ಸಿಗುತ್ತಿತ್ತು. ಇಲ್ಲಿ ಪೋಪೋ ಮನೆಯ ಮುಕ್ಕಾಲು ಗಂಟೆ ಸಿಗುತ್ತಿತ್ತು.

ಆ ಊರಿನಲ್ಲಿ ಇಂದಿರಮ್ಮನಿಗೆ ಒಂದೇ ಭಯ, ನೀರಿನದು. ಸಾಲುಮನೆಗಳ ಹಿಂದೆ ಪುಟ್ಟ ತೋಟಗಳು, ಪ್ರತಿ ತೋಟಕ್ಕೊಂದು ಮರದ ಗೇಟು, ಗೇಟಿನಾಚೆ ಓಣಿ, ಓಣಿ ಮುಗಿಯುವಲ್ಲಿ ಕಾಲುವೆ. ಬೇಲಿಯಿಲ್ಲ, ಮೆಟ್ಟಿಲಿಲ್ಲ, ಹುಲ್ಲು ಮುಗಿದಲ್ಲೇ ನೀರು. ಬೇಸಿಗೆ ಬಂತೆಂದರೆ ನೀರಿನ ಮೇಲೆ ಸಣ್ಣ ಹಸಿರು ಎಲೆಗಳು ಒತ್ತಾಗಿ ಬೆಳೆದು ಹುಲ್ಲು ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಮೊದಲ ಸಲ ಬಂದಾಗ ಅನಿರುದ್ಧ, "ಅಮ್ಮ, ಅದು ಹುಲ್ಲಲ್ಲ, ಹುಷಾರು" ಎಂದು ಒಂದೇ ಸಲ ಹೇಳಿದ್ದ. ಹೇಳಿದವನು ಮರೆತ. ಅವರಿಗೆ ದಿನಾ ನೆನಪು. ಪೋಪೋ ಮನೆಗೆ ಹೋಗುವಾಗ ಆ ಓಣಿಯಲ್ಲಿ ಹತ್ತೇ ಹೆಜ್ಜೆ ನಡೆಯಬೇಕಿತ್ತು. ಅಷ್ಟಕ್ಕೂ ಮಗುವಿನ ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಒಳಗೆ ಹೋದ ಮೇಲೆ ಗೇಟಿನ ಅಗುಳಿ ಹಾಕಿ, ಒಮ್ಮೆ ಎಳೆದು ನೋಡುತ್ತಿದ್ದರು.

ಎರಡು ಸಾವಿರದ ಹನ್ನೆರಡರ ಜೂನಿನ ಆ ಗುರುವಾರವೂ ಎಳೆದು ನೋಡಿದ್ದರು. ಸೆಕೆ ಎಂದು ಪೋಪೋ ಹಿಂಬಾಗಿಲನ್ನು ತೆರೆದಿಟ್ಟಿದ್ದರು. ಅವರ ಮೊಮ್ಮಗ ತೊಟ್ಟಿಲಲ್ಲಿ ಮಲಗಿದ್ದ, ನಿಸರ್ಗ ಸೋಫಾದ ಹಿಂದೆ ಮರದ ತುಂಡುಗಳನ್ನು ಪೇರಿಸುತ್ತಿದ್ದಳು. ಟಿವಿಯಲ್ಲಿ ಹಿರಿಸೊಸೆ ಮನೆ ಬಿಟ್ಟು ಹೊರಟಿದ್ದಳು. ಅಡುಗೆಯವನು ತಡೆಯಲಿಲ್ಲ, ಒಂದು ಮಾತೂ ಆಡಲಿಲ್ಲ. ಅವಳು ಬಾಗಿಲು ದಾಟುವವರೆಗೂ ಈರುಳ್ಳಿ ಹೆಚ್ಚುತ್ತಲೇ ಇದ್ದ. ಆದರೆ ಹೆಚ್ಚುವ ಕೈ ನಿಧಾನವಾಯಿತು.

"ನೋಡಿ, ಕೈ ನೋಡಿ" ಎಂದರು ಇಂದಿರಮ್ಮ.

ಪೋಪೋ ಒಪ್ಪಲಿಲ್ಲ. ಎರಡು ತೋರುಬೆರಳನ್ನು ದೂರ ದೂರ ಹಿಡಿದು ತೋರಿಸಿದರು, ಈ ಜೋಡಿ ಕೂಡುವುದಿಲ್ಲ ಎಂದು. ಇಂದಿರಮ್ಮ ಅವರ ಬೆರಳುಗಳನ್ನು ಹಿಡಿದು ಸೇರಿಸಿದರು. ಪೋಪೋ ನಗುತ್ತಾ ಬಿಡಿಸಿಕೊಂಡರು. ಅವರು ಅವರ ಭಾಷೆಯಲ್ಲಿ, ಇವರು ಇವರ ಭಾಷೆಯಲ್ಲಿ ಜಗಳವಾಡಿದರು. ಬಿಸ್ಕತ್ತಿನ ಜಾಹೀರಾತು ಬಂತು. ಇಂದಿರಮ್ಮ ತಿರುಗಿ ನೋಡಿದರು. ಮರದ ತುಂಡುಗಳು ಇದ್ದವು, ಮಗು ಇರಲಿಲ್ಲ.

ತೋಟದ ಗೇಟು ತೆರೆದಿತ್ತು. ಗೇಟಿನ ಪಕ್ಕ ಪೋಪೋ ಗಿಡಗಳಿಗೆ ನೀರು ಹಾಕುವ ಬಕೆಟ್ಟು ಬೋರಲಾಗಿ ಬಿದ್ದಿತ್ತು.

"ನಿಸರ್ಗಾ" ಎಂದು ಕರೆದರು. ಓಣಿಗೆ ಓಡಿದರು. ಓಣಿಯಲ್ಲಿ ಯಾರೂ ಇಲ್ಲ. ಎಲ್ಲ ಮನೆಯವರೂ ಆಫೀಸಿನಲ್ಲಿ. ಕಾಲುವೆಯ ಮೇಲೆ ಹಸಿರು ಎಂದಿನಂತೆ ಹಾಸಿಕೊಂಡಿತ್ತು, ಒಂದು ಕಡೆ ಬಿಟ್ಟು. ಅಲ್ಲಿ, ದಡದಿಂದ ಒಂದು ಮಾರು ದೂರದಲ್ಲಿ, ಹಸಿರು ಒಡೆದು ಕಪ್ಪು ನೀರು ಕಾಣುತ್ತಿತ್ತು. ಒಂದು ಮಗುವಿನ ಅಗಲ. ಅವರು ನೋಡುತ್ತಿದ್ದಂತೆಯೇ ಅದರ ಅಂಚುಗಳು ಮೆಲ್ಲಗೆ ಕೂಡಿಕೊಳ್ಳುತ್ತಿದ್ದವು.

ಇಂದಿರಮ್ಮನಿಗೆ ಈಜು ಬರುವುದಿಲ್ಲ. ಸೀರೆಯಲ್ಲೇ ಇಳಿದರು. ಮೊದಲ ಹೆಜ್ಜೆಗೆ ಮೊಣಕಾಲು, ಎರಡನೆಯದಕ್ಕೆ ಸೊಂಟ. ಕೆಸರು ಪಾದವನ್ನು ಹಿಡಿದು ಎಳೆಯಿತು. ಬಗ್ಗಿ ಎರಡೂ ಕೈಗಳಿಂದ ತಡವಿದರು. ಒಂದು ಬಾಟಲಿ, ಬೇರು, ಮತ್ತೆ ಬೇರು. ಆಮೇಲೆ ಮೆತ್ತಗಿನದೇನೋ ಕೈಗೆ ಸಿಕ್ಕಿತು. ಅದನ್ನು ಮೇಲೆತ್ತುವ ಧೈರ್ಯ ಬರಲಿಲ್ಲ. ಎತ್ತದೆ ಇರಲೂ ಆಗಲಿಲ್ಲ. ಎತ್ತಿದರು. ಕೊಳೆತ ಬಟ್ಟೆಯ ಚೀಲ.

ಆಗ ಓಣಿಯ ಆ ತುದಿಯಿಂದ ಪೋಪೋ ಕೂಗಿದ್ದು ಕೇಳಿಸಿತು. ಕಸದ ಡಬ್ಬಿಗಳ ಸಂದಿಯಿಂದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಓಡಿ ಬರುತ್ತಿದ್ದರು. ಮಗುವಿನ ಕೈಯಲ್ಲಿ ಒಂದು ಬಸವನಹುಳು. ಕಾಲುವೆಯ ಆಚೆ ದಡದ ಬಳಿ ಎರಡು ಬಾತುಕೋಳಿಗಳು ಇನ್ನೊಂದು ಕಡೆ ಹಸಿರನ್ನು ಒಡೆದು ಈಜುತ್ತಿದ್ದವು.

"ಅಜ್ಜಿ ಎಲ್ಲಾ ಒದ್ದೆ" ಎಂದಳು ನಿಸರ್ಗ.

ಇಂದಿರಮ್ಮನಿಗೆ ದಡ ಹತ್ತಲಾಗಲಿಲ್ಲ. ಪೋಪೋ ಮಗುವನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದುಕೊಂಡು, ಕೈ ಕೊಟ್ಟು ಎಳೆದರು. ತಮ್ಮ ಮನೆಗೆ ಕರೆತಂದು ಸೀರೆಯ ಕೆಸರು ತೊಳೆದು, ಡ್ರೈಯರಿಗೆ ಹಾಕಿ, ತಮ್ಮ ಪೈಜಾಮ ತಂದುಕೊಟ್ಟರು. ಅದು ಇಂದಿರಮ್ಮನ ಮೊಣಕಾಲಿನವರೆಗೆ ಮಾತ್ರ ಬಂತು. ಇಬ್ಬರೂ ನಗಲಿಲ್ಲ. ಪೋಪೋ ಮಗಳ ಫೋಟೋದ ಕಡೆ ನೋಡಿ, ಇಂದಿರಮ್ಮನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಇಂದಿರಮ್ಮ ತಲೆಯಾಡಿಸಿದರು. ತೆರೆದಿದ್ದ ಬಾಗಿಲು ಪೋಪೋದು. ಅವರಿಗೂ ತಮ್ಮ ಮನೆಯವರ ಭಯವಿತ್ತು.

ಸಂಜೆ ಗಾನವಿ ಬಂದಾಗ ಮಗು, "ಡಕ್ಸ್, ಮಮ್ಮಾ" ಎಂದಿತು. "ಅಜ್ಜಿ ಬಾತುಕೋಳಿ ತೋರಿಸಿದ್ರಾ?" ಎಂದು ಗಾನವಿ ಮುದ್ದು ಮಾಡಿದಳು. "ಹೂಂ" ಎಂದು ಇಂದಿರಮ್ಮ ಒಲೆಯ ಕಡೆ ತಿರುಗಿ ಸಾರು ಕಲಕಿದರು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಕಲಕುತ್ತಿದ್ದೇನೆ ಎಂದು ಅವರಿಗೇ ಗೊತ್ತಾಯಿತು. ಟಿವಿಯಲ್ಲಾಗಿದ್ದರೆ ಕೂಡಲೇ ಹಿಡಿದುಬಿಡುತ್ತಿದ್ದರು, ಇವಳು ನಟಿಸುತ್ತಿದ್ದಾಳೆ ಎಂದು. ಇಲ್ಲಿ ಹಿಡಿಯುವವರು ಇರಲಿಲ್ಲ. ಅನಿರುದ್ಧ ಎರಡು ಸಲ ಸಾರು ಹಾಕಿಸಿಕೊಂಡ.

ಮರುದಿನ ಪೋಪೋ ಬಕೆಟ್ಟನ್ನು ಒಳಗಿಟ್ಟಿದ್ದರು. ಆದರೆ ಇಂದಿರಮ್ಮ ಬಟ್ಟೆ ಒಣಹಾಕುತ್ತಿದ್ದಾಗ ನಿಸರ್ಗ ತಮ್ಮ ಮನೆಯ ಗೇಟಿಗೆ ತನ್ನ ಪುಟ್ಟ ಕುರ್ಚಿಯನ್ನೇ ಎಳೆದುಕೊಂಡು ಹೋದಳು. ಗೇಟಿಗೆ ಹಗ್ಗ ಬಿಗಿದರು. ಮಗು ಅದನ್ನು ಆಟವೆಂದು ಬಿಚ್ಚಲು ನಿಂತಿತು. ದಾರಿ ಕಲಿತಾಗಿತ್ತು. ಇನ್ನು ಒಂಬತ್ತು ದಿನಕ್ಕೆ ಇಂದಿರಮ್ಮನ ಪಾಳಿ ಮುಗಿಯುತ್ತಿತ್ತು.

ಅದೇ ಮಧ್ಯಾಹ್ನ ಪದ್ಮಿನಿ ಫೋನು ಮಾಡಿದರು. ಪ್ರತಿ ಸಲದಂತೆ ಪೆನ್ನು ಹಿಡಿದೇ ಕುಳಿತಿದ್ದರು.

"ಹೇಳಿ ಇಂದಿರಮ್ಮನವರೇ, ಚಾರ್ಜ್ ಲಿಸ್ಟ್ ಕೊಡಿ. ಈ ಸಲ ಮಹಾರಾಣಿಯವರು ಏನು ತಿಂತಾರೆ?"

"ಮೊಸರನ್ನ ಬಿಟ್ಟಿದ್ದಾಳೆ. ಬ್ರೆಡ್ ಮೇಲೆ ಚಾಕಲೇಟ್ ಕಾಳು ಉದುರಿಸಿದ್ರೆ ತಿಂತಾಳೆ."

"ಸರಿಹೋಯ್ತು, ನಾನೂ ಅದನ್ನೇ ತಿಂತೀನಿ. ಮಧ್ಯಾಹ್ನ ಮಲಗ್ತಾಳಾ? ನನಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ ಕಣ್ರೀ, ಊಟ ಆದ್ರೆ ಕೂತಲ್ಲೇ ತೂಕಡಿಕೆ. ಅವಳ ಜೊತೆ ನಾನೂ ಒಂದು ಗಂಟೆ ಉರುಳ್ಕೋತೀನಿ."

ಇಂದಿರಮ್ಮ ಕಿಟಕಿಯಿಂದ ಗೇಟಿನ ಹಗ್ಗದ ಕಡೆ ನೋಡಿದರು. "ನೆಟ್‌ವರ್ಕ್ ಇಲ್ವಾ?" ಎಂದು ಆ ಕಡೆಯಿಂದ ಕೇಳಿದಾಗ, "ಅಲ್ಲ, ಕುಕ್ಕರ್ ಕೂಗ್ತಿದೆ" ಎಂದು ಸುಳ್ಳು ಹೇಳಿ ಇಟ್ಟರು.

ಕುರ್ಚಿಯ ಮೇಲೆ ಕುಳಿತರೆ ತೂಕಡಿಸುವ ಪದ್ಮಿನಿ ಕಣ್ಣಿಗೆ ಕಟ್ಟಿದರು. ಕೂಡಿಕೊಳ್ಳುತ್ತಿದ್ದ ಆ ಹಸಿರೂ ಕಟ್ಟಿತು. ಹೇಳಿದರೆ ತಮ್ಮನ್ನು ಮತ್ತೆ ಕರೆಸುವುದಿಲ್ಲ ಎನ್ನುವುದು ಖಚಿತವಿತ್ತು. ಮಗು ನಡೆಯುವುದನ್ನು, ಮಾತು ಕಲಿಯುವುದನ್ನು ಮೂರು ಮೂರು ತಿಂಗಳ ತುಂಡುಗಳಲ್ಲಿ ನೋಡಿದ್ದರು. ಇನ್ನು ಆ ತುಂಡುಗಳೂ ಇಲ್ಲ. ಆದರೆ ಹಾಸ್ಟೆಲಿನಲ್ಲಿ ಸಿಲಿಂಡರ್ ಸೋರುತ್ತಿದ್ದರೆ ಮುಂದಿನ ಪಾಳಿಯ ಅನಸೂಯಳಿಗೆ ಹೇಳದೆ ಅವರು ಒಂದು ದಿನವೂ ಮನೆಗೆ ಹೋಗಿರಲಿಲ್ಲ, ಸೋರಿದ್ದು ತಮ್ಮ ತಪ್ಪಿನಿಂದಲೇ ಆಗಿದ್ದರೂ.

ಶನಿವಾರ ಗಾನವಿ ಹುರುಳಿಕಾಯಿ ಹೆಚ್ಚುತ್ತಿದ್ದಳು, ಅನಿರುದ್ಧ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದ್ದ.

"ಗುರುವಾರ ನಿಸರ್ಗ ಗೇಟು ತೆಗೆದು ಕಾಲುವೆ ಕಡೆ ಹೋಗಿದ್ಲು" ಎಂದರು ಇಂದಿರಮ್ಮ.

ಚಾಕು ನಿಂತಿತು.

"ನೀನೆಲ್ಲಿದ್ದೆ?" ಎಂದ ಅನಿರುದ್ಧ.

"ಪೋಪೋ ಮನೇಲಿ. ಟಿವಿ ನೋಡ್ತಿದ್ದೆ. ಅಲ್ಲಿಂದಲೇ ಹೋಗಿದ್ದು."

"ಎಷ್ಟು ಹೊತ್ತು?"

"ಗೊತ್ತಿಲ್ಲ. ಗೊತ್ತಿದ್ದಿದ್ರೆ ಬಿಡ್ತಿದ್ನಾ."

"ಟಿವಿ ನೋಡೋಕಾ ಅಮ್ಮ ನಿನ್ನ ಇಲ್ಲಿಗೆ ಕರ್ಕೊಂಡು ಬಂದಿರೋದು?"

"ಅಲ್ಲ. ಯಾತಕ್ಕೆ ಕರ್ಕೊಂಡು ಬಂದಿದ್ದೀರ ಅಂತ ಗೊತ್ತು."

ಗಾನವಿ ಒಲೆ ಆರಿಸಿ, ಮಗುವನ್ನು ಎತ್ತಿಕೊಂಡು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಂದಿರಮ್ಮ ಉಳಿದ ಹುರುಳಿಕಾಯಿ ಹೆಚ್ಚಿದರು. ಒಂದು ಗಂಟೆಯ ಮೇಲೆ ಕೆಳಗಿಳಿದು ಬಂದ ಗಾನವಿಯ ಕಣ್ಣುಗಳು ಕೆಂಪಾಗಿದ್ದವು.

"ಅಜ್ಜಿ ಎಲ್ಲಾ ಒದ್ದೆ ಅಂತಿದ್ದಾಳೆ. ನೀವು ನೀರಿಗೆ ಇಳಿದ್ರಾ?"

"ಇಳಿದೆ."

"ನಿಮಗೆ ಈಜು ಬರಲ್ಲ."

"ಬರಲ್ಲ."

ಗಾನವಿ ಮಗುವನ್ನು ತೋಟಕ್ಕೆ ಕರೆದುಕೊಂಡು ಹೋಗಿ, "ಗೇಟು ಹೇಗೆ ತೆಗೀತೀಯ, ಮಮ್ಮಾಗೆ ತೋರ್ಸು" ಎಂದಳು. ನಿಸರ್ಗ ಕುರ್ಚಿ ಎಳೆದು, ಹತ್ತಿ, ಅಗುಳಿ ಸರಿಸಿ, ಇಳಿದು, ಚಪ್ಪಾಳೆ ಹೊಡೆದಳು. ಗಾನವಿ ಗೋಡೆಗೆ ಕೈ ಊರಿಕೊಂಡು ನಿಂತಳು.

ಅನಿರುದ್ಧ ಅಂಗಡಿಗೆ ಹೋಗಿ ಬೀಗ ತಂದು, ಎರಡು ಮೊಳೆ ಹೊಡೆದು, ಮೂರು ಗಂಟೆಗೆ ಕೈ ತೊಳೆದು ಕಾಫಿ ಕೇಳಿದ. "ಇನ್ನು ಟೆನ್ಷನ್ ಇಲ್ಲ" ಎಂದ. ಕಾಫಿ ಕುಡಿಯುತ್ತಾ ಮಾತು ಮುಂದುವರಿಸಿದ. ಪದ್ಮಿನಿಯವರ ಪಾಳಿ ಮುಗಿಯುವ ಹೊತ್ತಿಗೆ ವಾರವಿಡೀ ಡೇಕೇರಿನಲ್ಲಿ ಜಾಗ ಸಿಗಬಹುದು, ಮುಂದಿನ ಸಲಕ್ಕೆ ಟಿಕೆಟ್ ಮಾಡಿಸುವುದು ಬೇಡ. "ನಿಂಗೂ ವಯಸ್ಸಾಯ್ತಮ್ಮ, ರೆಸ್ಟ್ ತಗೋ." ಆ ಮನೆಯಲ್ಲಿ ಯಾರೂ ಅದುವರೆಗೆ ಅವರಿಗೆ ರೆಸ್ಟ್ ಎಂಬ ಮಾತು ಹೇಳಿರಲಿಲ್ಲ. ಇಂದಿರಮ್ಮ ಲೋಟ ತೆಗೆದುಕೊಂಡು ಹೋಗಿ ತೊಳೆದರು.

ಸೋಮವಾರ ಬೆಳಿಗ್ಗೆ ಅನಿರುದ್ಧ ಎಂದಿನಂತೆ ಏಳು ಗಂಟೆಯ ರೈಲಿಗೆ ಹೋಗಿದ್ದ. ಗಾನವಿ ಬೂಟು ಹಾಕಿಕೊಂಡು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಳು, ಹೊರಡಲಿಲ್ಲ. ಹಿಂದಿನ ದಿನವೆಲ್ಲ ಅವಳು ಮನೆಯನ್ನು ಸುತ್ತಿದ್ದಳು. ಗೇಟಿಗೇನೋ ಬೀಗ ಬಿದ್ದಿತ್ತು, ಆದರೆ ಮುಂಬಾಗಿಲಿತ್ತು, ಮಹಡಿಯ ಕಿಟಕಿಯಿತ್ತು, ಮೆಟ್ಟಿಲಿತ್ತು, ಒಲೆಯಿತ್ತು. ಮಗುವನ್ನು ಬಿಟ್ಟುಹೋಗಲು ಬೇರೆ ಯಾರೂ ಇರಲಿಲ್ಲ.

"ಇವತ್ತು ರಜೆ ಹಾಕೋಕೆ ಆಗಲ್ಲ ಅತ್ತೆ. ರಿವ್ಯೂ ಇದೆ."

"ಹೋಗಮ್ಮ."

"ಬಸ್ ಬರೋವರ್ಗೂ ಕಿಟಕಿ ಹತ್ರ ನಿಂತ್ಕೊಳ್ಳಿ. ಅವಳು ನನಗೆ ಕಾಣ್ಬೇಕು."

ಇಂದಿರಮ್ಮ ಮಗುವನ್ನು ಎತ್ತಿಕೊಂಡು ಮುಂದಿನ ಕಿಟಕಿಗೆ ಬಂದರು. ಬಸ್ ಸ್ಟಾಪು ರಸ್ತೆಯಾಚೆ ಕಾಣುತ್ತಿತ್ತು. ಮಗುವಿನ ತಲೆ ಹೂಕುಂಡಗಳಿಗಿಂತ ಮೇಲೆ ಬರಬೇಕಾದರೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕಿತ್ತು. ಒಂದು ಬಸ್ಸು ಬಂತು, ನಿಂತಿತು, ಹೋಯಿತು. ಗಾನವಿ ಅಲ್ಲೇ ನಿಂತು ಕಿಟಕಿಯನ್ನು ನೋಡುತ್ತಿದ್ದಳು. ಇಂದಿರಮ್ಮನ ರಟ್ಟೆ ನಡುಗತೊಡಗಿತು. ನಿಸರ್ಗ ಇಳಿಯಬೇಕೆಂದು ಕಾಲು ಒದ್ದಳು. ಅವರು ಹಿಡಿತ ಬಿಗಿ ಮಾಡಿದರು. ಎರಡನೆಯ ಬಸ್ಸಿಗೆ ಗಾನವಿ ಹತ್ತಿದಳು, ಈ ಕಡೆಯ ಕಿಟಕಿಯ ಪಕ್ಕವೇ ಕುಳಿತಳು, ಮುಖ ಗಾಜಿಗೆ ಹತ್ತಿರವಿತ್ತು.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಇಂದಿರಮ್ಮ ಮಗುವನ್ನು ಕೆಳಗಿಳಿಸಲಿಲ್ಲ.