ಕಾಕು ಕೂರುತ್ತಿದ್ದ ಬದಿ

ಕೊರೋಚಿಯ ನಮ್ಮ ಮಗ್ಗದ ಶೆಡ್ಡಿಗೆ ವಹಿಫಣಿ ಕೆಲಸಕ್ಕೆ ಬರುತ್ತಿದ್ದ ಕಾಕಾ ಎಂದೂ ಒಬ್ಬರೇ ಬಂದವರಲ್ಲ. ಇಚಲಕರಂಜಿಯಿಂದ ಬರುವ ಅವರ ಸೈಕಲ್ಲಿನ ಹಿಂದೆ ಅವರ ಹೆಂಡತಿ ಕಾಕು ಇರಲೇಬೇಕು. ನೂಲು ಸುತ್ತಿದ ಹೊಸ ಬೀಮಿನ ಸಾವಿರಾರು ಎಳೆಗಳನ್ನು ಒಂದೊಂದಾಗಿ ತಂತಿಯ ಕಣ್ಣುಗಳಲ್ಲಿ ಪೋಣಿಸುವ ಕೆಲಸ ಅದು, ಇಬ್ಬರು ಬೇಕು. ತಂತಿಗಳ ಪರದೆಯ ಈಚೆ ಕಾಕಾ, ಆಚೆ ಕಾಕು. ಕಾಕಾ ನೋಡದೆಯೇ ತಂತಿಯ ಕಣ್ಣಿನೊಳಗಿಂದ ಕೊಕ್ಕೆ ಚಾಚುವರು, ಕಾಕು ಅದಕ್ಕೆ ಎಳೆ ಸಿಕ್ಕಿಸುವರು. ಇಡೀ ದಿನ ಒಂದು ಮಾತಿಲ್ಲ.

ಮನೆಯಲ್ಲಿ ನನಗೆ ಗಂಡು ನೋಡುತ್ತಿದ್ದ ದಿನಗಳಲ್ಲಿ ಒಮ್ಮೆ ಕೇಳಿದ್ದೆ: “ಕಾಕಾ, ಈ ಜೀವಕ್ಕ ಆ ಜೀವಾನ ಜೋಡಿ ಅಂತ ಹೆಂಗ ಗೊತ್ತಾಗ್ತೈತ್ರಿ?”

ಕಾಕಾ ಕೊಕ್ಕೆಯನ್ನು ಅಂಗಿಗೆ ಒರೆಸಿಕೊಂಡರು. ಯಾರು ಏನೇ ಕೇಳಲಿ, ಅವರದು ಒಂದೇ ಉತ್ತರ: “ನಾವು ಕೈ ಚಾಚೂದಷ್ಟ. ಎಳಿ ತಾನ ಬರ್ತೈತಿ.”

ಪರದೆಯ ಆಚೆ ಕಾಕು ನಕ್ಕದ್ದು ಕೇಳಿಸಿತು.

ಹೋದ ವರ್ಷ ಕಾಕು ತೀರಿಕೊಂಡರು. ತಿಂಗಳ ನಂತರ ಕಾಕಾ ಸೈಕಲ್ ತಳ್ಳಿಕೊಂಡು ಬಂದರು. ಕಾಕುವಿನ ಜಾಗದಲ್ಲಿ ನಾನೇ ಕೂತೆ. ತಪ್ಪಬಾರದೆಂದು ಪ್ರತಿ ಎಳೆ ಸಿಕ್ಕಿಸಿದಾಗಲೂ “ಹೂಂ, ಬಂತ್ರಿ” ಅನ್ನುತ್ತಿದ್ದೆ. ಕೊಕ್ಕೆ ಬರುತ್ತಿತ್ತು, ಎಳೆ ಹಿಡಿದು ಹೋಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ, ನಾನು ಸಿಕ್ಕಿಸಿದ ಎಳೆಯ ಸಮೇತ, ಕೊಕ್ಕೆ ಹಾಗೇ ನಿಂತುಬಿಟ್ಟಿತು.

“ಕಾಕಾ, ಎಳಿ ಬಂದೈತ್ರಿ. ಜಗ್ರಿ.”

ಪರದೆಯ ಆಚೆಯಿಂದ ಅವರ ದನಿ ಕೇಳಿತು: “ಬಂದೈತವ್ವಾ. ಆಕಿ ಒಂದ ಸಲಾನೂ ಹೇಳಿದಾಕಿ ಅಲ್ಲ.”